ತಪ್ಪು ಚೀಟಿಯನ್ನು ಹರಿದೊಗೆಯಬಾರದು

(ಬೇಗಂ ಬಜಾರಿನ ನಮ್ಮ ಉಚಿತ ವಾಚನಾಲಯದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಗಣಕಯಂತ್ರದ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳ ಅಪ್ಪಣೆಯಾಗಿದೆ. ಗಿರಣಿಯ ಲೆಕ್ಕ ಬರೆಯುವ ನಮಗೆ ಆ ಅಧಿಕಾರವಿಲ್ಲ. ಆದರೂ ಭಾನುವಾರಗಳಂದು ಇಲ್ಲಿಗೆ ಬರುವ ತರುಣ ಮಿತ್ರರೊಬ್ಬರು ತಮ್ಮ ಲ್ಯಾಪ್‌ಟಾಪಿನಲ್ಲಿ ತೋರಿಸಿ ಹೇಳಿದ್ದನ್ನು, ನಮಗೆ ತಿಳಿದಮಟ್ಟಿಗೆ ತಮ್ಮ ಮುಂದಿಡುತ್ತೇವೆ.

ಮೊದಲು ನಮ್ಮ ಮನೆಯ ದೋಷವನ್ನೇ ಒಪ್ಪಿಕೊಳ್ಳುತ್ತೇವೆ. ಹೋದ ವರ್ಷ ಪರೀಕ್ಷೆಯ ದಿನಗಳಲ್ಲಿ ಒಬ್ಬ ವಿದ್ಯಾರ್ಥಿನಿ ಛಂದಸ್ಸಿನ ಪುಸ್ತಕ ಕೇಳಿಕೊಂಡು ಬಂದಳು. ನಾವು ವಿಷಯಸೂಚಿ ತೆಗೆದೆವು. ‘ಛಂದಸ್ಸು: ಕಾವ್ಯಶಾಸ್ತ್ರ ನೋಡಿ’ ಎಂದಿತ್ತು. ಕಾವ್ಯಶಾಸ್ತ್ರ ತೆಗೆದರೆ, ‘ಛಂದಸ್ಸು ನೋಡಿ’ ಎಂದಿತ್ತು. ಪುಟ ತಿರುವಿದ್ದೇ ತಿರುವಿದ್ದು. ಬಾಗಿಲು ಹಾಕುವ ಹೊತ್ತಾಯಿತು. ಆಕೆ ಬರಿಗೈಯಲ್ಲಿ ಹೋದಳು. ಪುಸ್ತಕ ಮರುದಿನ ಎರಡನೆಯ ಕಪಾಟಿನಲ್ಲೇ ಸಿಕ್ಕಿತು. ಸೂಚಿಯನ್ನು ತಿದ್ದಿ, ಕೆಲಸ ಮುಗಿಯಿತೆಂದು ಕೈ ತೊಳೆದುಕೊಂಡೆವು. ಆರು ತಿಂಗಳ ಮೇಲೆ ಸೂಚಿಯ ಹೊಸ ಪ್ರತಿ ಮಾಡುವಾಗ, ತಿದ್ದುವುದಕ್ಕೆ ಮೊದಲಿನ ಹಳೆಯ ಕರಡನ್ನು ಮುಂದಿಟ್ಟುಕೊಂಡು ಬರೆದೆವು. ಅದೇ ತಪ್ಪು ಅದೇ ಜಾಗದಲ್ಲಿ ಮತ್ತೆ ಬಂದು ಕುಳಿತಿತು. ಈ ಸಲ ಬರಿಗೈಯಲ್ಲಿ ಹೋದವರು ಒಬ್ಬ ವೃದ್ಧ ಮೇಷ್ಟರು.

ಗಣಕಯಂತ್ರದ ಲೋಕದಲ್ಲಿ ಈ ಎರಡು ಕಷ್ಟಗಳಿಗೂ ಹೆಸರುಂಟು. ಕೆಲಸ ಮುಗಿಸದೆ, ತಪ್ಪನ್ನೂ ಹೇಳದೆ, ಸುಮ್ಮನೆ ಸುತ್ತುತ್ತಿರುವುದಕ್ಕೆ ‘ಹ್ಯಾಂಗ್’ ಎನ್ನುತ್ತಾರೆ. ಒಮ್ಮೆ ಸರಿಹೋದದ್ದು ಮತ್ತೆ ಕೆಡುವುದಕ್ಕೆ ‘ರಿಗ್ರೆಷನ್’ ಎನ್ನುತ್ತಾರೆ. ಹಾಗೆ ಕೆಟ್ಟಿದೆಯೋ ಎಂದು ಪ್ರತಿ ಬದಲಾವಣೆಯ ತರುವಾಯ ತಾಳೆ ನೋಡುವುದೇ ರಿಗ್ರೆಷನ್ ಟೆಸ್ಟ್. ನಾವು ಮರುಪರೀಕ್ಷೆ ಎನ್ನೋಣ.

ಇವೆರಡೂ ಕೂಡಿ ಬರುವ ಒಂದು ಸ್ಥಳ ದೋಷಶೋಧಕ, ಅಂದರೆ ಡಿಬಗರ್. ಬರೆದ ಪ್ರೋಗ್ರಾಮು ತಪ್ಪು ಲೆಕ್ಕ ಕೊಟ್ಟರೆ, ಅದನ್ನು ನಡುದಾರಿಯಲ್ಲಿ ತಡೆದು ನಿಲ್ಲಿಸಿ, ‘ಈಗ ನೀನು ಎಷ್ಟನೆಯ ಸಾಲಿನಲ್ಲಿದ್ದೀ? ನಿನ್ನ ಕೈಯಲ್ಲಿರುವ ಮೊತ್ತವೆಷ್ಟು?’ ಎಂದು ಕೇಳುವ ಸಾಧನವಿದು. ಹೆಸರಾದ ಒಂದು ಜಿ.ಡಿ.ಬಿ. 1986ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಇದನ್ನು ಬರೆದರು. ನಮ್ಮ ವಾಚನಾಲಯದ ಹಾಗೆಯೇ ಇದರ ಬಾಗಿಲೂ ಎಲ್ಲರಿಗೂ ತೆರೆದಿದೆ. ಯಾರು ಬೇಕಾದರೂ ತೆಗೆದುಕೊಂಡು ಓದಬಹುದು, ತಿದ್ದಬಹುದು.

ಆದರೆ ಯಂತ್ರಕ್ಕೆ ತಿಳಿಯುವುದು ಬರಿಯ ಅಂಕಿಗಳು. ಸಾಲು, ಹೆಸರು ಯಾವುದೂ ಅದಕ್ಕೆ ಬೇಕಿಲ್ಲ. ಆದ್ದರಿಂದ ನಮ್ಮ ಬರಹವನ್ನು ಯಂತ್ರದ ಅಂಕಿಗಳಾಗಿ ಮಾರ್ಪಡಿಸುವ ಕಂಪೈಲರ್, ಜೊತೆಗೊಂದು ಟಿಪ್ಪಣಿ ಪುಸ್ತಕವನ್ನೂ ಬರೆದಿಡುತ್ತದೆ. ಈ ಆಜ್ಞೆ 40ನೆಯ ಸಾಲಿನದು, ಈ ಜಾಗದಲ್ಲಿ ಇರುವುದು ‘ಕೂಲಿ’ ಎಂಬ ಮೊತ್ತ, ಹೀಗೆ. ಈ ಟಿಪ್ಪಣಿಯ ಒಂದು ಪ್ರಸಿದ್ಧ ಪದ್ಧತಿಗೆ ‘ಡ್ವಾರ್ಫ್’, ಅಂದರೆ ಕುಳ್ಳ ಎಂದು ಹೆಸರು. ಪ್ರೋಗ್ರಾಮಿನ ಕಡತದ ಪದ್ಧತಿಗೆ ‘ಎಲ್ಫ್’ ಎಂಬ ಕಿನ್ನರನ ಹೆಸರಿದ್ದುದರಿಂದ ಇದಕ್ಕೆ ಕುಳ್ಳನ ಹೆಸರಿಟ್ಟರಂತೆ. 1980ರ ದಶಕದಲ್ಲಿ ಅಮೆರಿಕೆಯ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಈ ಪದ್ಧತಿಯ ಐದನೆಯ ಆವೃತ್ತಿ 2017ರಲ್ಲಿ ಹೊರಬಂತು.

ನಮ್ಮ ಖತಾವಣಿಯಲ್ಲಿ ‘ವಿವರಕ್ಕೆ 12ನೆಯ ಪುಟ ನೋಡಿ’ ಎಂದು ಬರೆಯುವಂತೆ, ಇಲ್ಲಿಯೂ ಒಂದು ದಾಖಲೆ ಇನ್ನೊಂದು ದಾಖಲೆಯ ಕಡೆ ಕೈ ತೋರಿಸುತ್ತದೆ. ವಿವರವನ್ನು ಒಂದೇ ಕಡೆ ಬರೆದು ಉಳಿದೆಡೆ ಕೈ ತೋರಿಸಿದರೆ ಜಾಗ ಉಳಿಯುತ್ತದೆ. ಆದರೆ ಕಂಪೈಲರೇ ತಪ್ಪಿ ಒಂದು ದಾಖಲೆ ತನ್ನ ಕಡೆಗೇ ಕೈ ತೋರಿಸಿತೆನ್ನಿ. ಅಥವಾ ಎರಡು ದಾಖಲೆಗಳು ಒಂದನ್ನೊಂದು ತೋರಿಸಿದುವೆನ್ನಿ. ಓದುವ ದೋಷಶೋಧಕ ಗಾಣದೆತ್ತಿನಂತೆ ಸುತ್ತತೊಡಗುತ್ತದೆ. ಇನ್ನೊಂದು ಬಗೆಯೂ ಉಂಟು. ‘ಮುಂದಿನ ದಾಖಲೆ ಇಷ್ಟು ದೂರದಲ್ಲಿದೆ’ ಎಂಬ ಜಾಗದಲ್ಲಿ ಸೊನ್ನೆ ಬಿದ್ದಿದ್ದರೆ, ಎಚ್ಚರವಿಲ್ಲದ ಓದುಗ ಸೊನ್ನೆ ಹೆಜ್ಜೆ ಮುಂದೆ ಹೋಗಿ ಮತ್ತೆ ಅಲ್ಲಿಗೇ ಬರುತ್ತಾನೆ. ದೋಷ ಹುಡುಕಲು ಬಂದವನೇ ದೋಷದ ಚೀಟಿ ಹಿಡಿದು ಕುಳಿತಂತಾಯಿತು!

ಮದ್ದೇನು? ನೋಡಿದ ದಾಖಲೆಗೆ ಗುರುತು ಹಾಕುತ್ತ ಹೋಗಬೇಕು. ಗುರುತಿದ್ದದ್ದು ಮತ್ತೆ ಎದುರಾದರೆ ನಿಲ್ಲಬೇಕು. ಉದ್ದ ಸೊನ್ನೆಯೋ, ಕಡತದ ಎಲ್ಲೆ ಮೀರಿದೆಯೋ ಎಂದು ಮೊದಲೇ ನೋಡಬೇಕು. ದಾಖಲೆ ಕೆಟ್ಟಿದ್ದರೆ ಅದನ್ನು ಬಾಯಿಬಿಟ್ಟು ಹೇಳಿ, ಒಳ್ಳೆಯ ದಾಖಲೆಗಳ ಕೆಲಸವನ್ನು ಮುಂದುವರಿಸಬೇಕು.

ಇಷ್ಟು ತಿದ್ದಿದರೆ ಕೆಲಸ ಅರ್ಧ ಆಯಿತು. ಉಳಿದರ್ಧವೇ ಮರುಪರೀಕ್ಷೆ. ಅದರಲ್ಲಿ ನಾವು ಕಲಿತ ನಾಲ್ಕು ಮಾತುಗಳಿವೆ.

ಮೊದಲನೆಯದು, ಕೆಟ್ಟ ಚೀಟಿಯನ್ನು ಕಾಪಾಡಬೇಕು. ಕಂಪೈಲರಿನ ತಪ್ಪನ್ನು ನಾಳೆ ಯಾರಾದರೂ ತಿದ್ದಿಬಿಟ್ಟರೆ ಅಂಥ ಕೆಟ್ಟ ಟಿಪ್ಪಣಿ ಮತ್ತೆ ಹುಟ್ಟುವುದಿಲ್ಲ. ಆಗ ಪರೀಕ್ಷೆ ಬರಿಯ ಹೆಸರಿಗೆ ಉಳಿಯುತ್ತದೆ. ಆದ್ದರಿಂದ ಜಿ.ಡಿ.ಬಿ.ಯವರು ಬೇಕಾದ ತಪ್ಪನ್ನು ಬೇಕಾದ ಜಾಗದಲ್ಲಿಯೇ ಇಟ್ಟು ಟಿಪ್ಪಣಿಯನ್ನು ಕೈಯಿಂದ ಬರೆಯುವ ಒಂದು ಸಲಕರಣೆಯನ್ನು ತಮ್ಮ ಪರೀಕ್ಷೆಗಳ ಜೊತೆಗೇ ಇಟ್ಟುಕೊಂಡಿದ್ದಾರೆ.

ಎರಡನೆಯದು, ಪಕ್ಕದಲ್ಲಿ ಗಡಿಯಾರವಿರಬೇಕು. ತಪ್ಪು ಉತ್ತರವನ್ನು ಸರಿ ಉತ್ತರದೊಡನೆ ಹೋಲಿಸಬಹುದು. ಉತ್ತರವೇ ಬಾರದಿದ್ದರೆ ಏನನ್ನು ಹೋಲಿಸುವುದು? ಯಾವುದೇ ಪ್ರೋಗ್ರಾಮು ಎಂದಾದರೂ ನಿಲ್ಲುವುದೋ ಇಲ್ಲವೋ ಎಂದು ಎಲ್ಲ ಸಂದರ್ಭಗಳಲ್ಲಿಯೂ ಹೇಳಬಲ್ಲ ಸೂತ್ರ ಇರಲಾರದೆಂದು 1936ರಲ್ಲಿಯೇ ಅಲನ್ ಟ್ಯೂರಿಂಗ್ ಸಾಧಿಸಿ ತೋರಿಸಿದರು. ಹಾಗಾಗಿ ಗಡುವಿಡುವುದೇ ವ್ಯವಹಾರದ ದಾರಿ. ಈ ಪರೀಕ್ಷೆಗಳಲ್ಲಿ ರೂಢಿಯ ಗಡುವು 10 ಸೆಕೆಂಡು. ಆದರೆ ತಡವಾದದ್ದೆಲ್ಲ ಸಿಕ್ಕಿಕೊಂಡದ್ದಲ್ಲ. ದೀಪಾವಳಿಯ ಗದ್ದಲದಲ್ಲಿ ಅಫ್ಜಲ್‌ಗಂಜಿನಿಂದ ಹಮಾಲನ ತಳ್ಳುಗಾಡಿ ಇಲ್ಲಿಗೆ ಬರಲು ಎಷ್ಟು ಹೊತ್ತು ಬೇಕೆಂಬುದು ತಮಗೆ ಗೊತ್ತು! ನಿಧಾನದ ಯಂತ್ರಕ್ಕೆ ಗಡುವನ್ನು ಹೆಚ್ಚಿಸಿ ಕೊಡುವ ಏರ್ಪಾಡೂ ಇದೆ.

ಮೂರನೆಯದು, ತಿದ್ದದ ಹಳೆಯ ಪ್ರತಿಯ ಮೇಲೆ ಪರೀಕ್ಷೆಯನ್ನು ಮೊದಲು ನಡೆಸಬೇಕು. ಅಲ್ಲಿ ಅದು ಸೋಲಲೇಬೇಕು. ಸೋಲದಿದ್ದರೆ, ನಾವು ಹಿಡಿಯಬೇಕಾದ ತಪ್ಪನ್ನು ಆ ಪರೀಕ್ಷೆ ಹಿಡಿಯುತ್ತಿಲ್ಲವೆಂದೇ ಅರ್ಥ.

ನಾಲ್ಕನೆಯದು, ನಿಂತಿತೆಂಬುದೊಂದೇ ಸಾಲದು. ಯಾವ ಟಿಪ್ಪಣಿ ಕಂಡರೂ ‘ಕೆಟ್ಟಿದೆ’ ಎಂದು ಕೈಯೆತ್ತಿಬಿಡುವವನೂ ಬೇಗ ನಿಲ್ಲುತ್ತಾನೆ. ಆದ್ದರಿಂದ ಕೆಟ್ಟ ದಾಖಲೆಯ ಪಕ್ಕದಲ್ಲಿ ಒಂದು ಒಳ್ಳೆಯ ದಾಖಲೆಯನ್ನೂ ಇಟ್ಟು, ಅದನ್ನು ಸರಿಯಾಗಿ ಓದಿತೇ ಎಂದು ಕೇಳಬೇಕು.

1947ರ ಸೆಪ್ಟೆಂಬರ್ 9ರಂದು ಹಾರ್ವರ್ಡಿನ ಮಾರ್ಕ್ 2 ಗಣಕಯಂತ್ರದ ರಿಲೇ ಒಂದರಲ್ಲಿ ಪತಂಗ ಸಿಕ್ಕಿಕೊಂಡಿತ್ತು. ಕೆಲಸಗಾರರು ಅದನ್ನು ತೆಗೆದು ಬಿಸಾಡಲಿಲ್ಲ. ದಿನಚರಿಯಲ್ಲಿ ಅಂಟಿಸಿ, ಪಕ್ಕದಲ್ಲಿ ಟಿಪ್ಪಣಿ ಬರೆದರು. ಆ ಪುಟ ಇಂದಿಗೂ ಅಮೆರಿಕೆಯ ಸ್ಮಿತ್‌ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿದೆ. ತಪ್ಪನ್ನು ಮುಚ್ಚಿಡದೆ ಹೆಸರು, ದಿನ ಸಹಿತ ಉಳಿಸಿಕೊಂಡದ್ದು ಎಂಥ ಒಳ್ಳೆಯ ಪದ್ಧತಿ!

ಬಂಧುಗಳೇ, ಇದನ್ನು ಕೇಳಿದ ಮೇಲೆ ನಾವು ಸ್ವಯಂಸೇವಕರು ಸೇರಿ ಒಂದು ಸಣ್ಣ ನೋಟ್‌ಬುಕ್ ಮಾಡಿದ್ದೇವೆ. ಓದುಗರು ಬರಿಗೈಯಲ್ಲಿ ಹೋದ ಪ್ರತಿಯೊಂದು ಪ್ರಸಂಗ ಅದರಲ್ಲಿದೆ. ಇದುವರೆಗೆ 11 ಆಗಿವೆ; ಮೊದಲನೆಯದು ಛಂದಸ್ಸು. ಸೂಚಿಯ ಹೊಸ ಪ್ರತಿಯಾದಾಗಲೆಲ್ಲ, ಅದನ್ನು ಬರೆಯದ ಇನ್ನೊಬ್ಬರು ಗಡಿಯಾರ ಮುಂದಿಟ್ಟುಕೊಂಡು ಆ 11 ಪುಸ್ತಕಗಳನ್ನು ಹುಡುಕಬೇಕು. ಐದು ನಿಮಿಷದೊಳಗೆ ಕಪಾಟು ಗೊತ್ತಾಗದಿದ್ದರೆ ಆ ಪ್ರತಿ ಮೇಜಿನ ಮೇಲೆ ಬರಕೂಡದು. ಹೋದ ತಿಂಗಳು ಮೊದಲ ಸಲ ಹೀಗೆ ಮಾಡಿದಾಗ ಎರಡು ತಪ್ಪುಗಳು ಸಿಕ್ಕಿದುವು. ಅವೆರಡನ್ನೂ ಬರೆದವರು ನಾವೇ.

ಮೇಷ್ಟರು ಈಗಲೂ ಬರುತ್ತಾರೆ, ದೊಡ್ಡ ಮನಸ್ಸಿನವರು. ಆ ವಿದ್ಯಾರ್ಥಿನಿ ಮಾತ್ರ ಮತ್ತೆ ಬರಲಿಲ್ಲ. ಈ ಊರಿನಲ್ಲಿ ಕನ್ನಡ ಪುಸ್ತಕ ಕೇಳಿಕೊಂಡು ಬರುವ ಮಕ್ಕಳು ಎಷ್ಟು ಮಂದಿಯೆಂಬುದು ತಮಗೆ ತಿಳಿದದ್ದೇ. ತಮ್ಮ ಓಣಿಯ ಹುಡುಗಿಯೇ ಆಗಿದ್ದರೆ, ಪುಸ್ತಕ ಎರಡನೆಯ ಕಪಾಟಿನಲ್ಲಿದೆ, ಈಗ ತಡವಿಲ್ಲದೆ ಸಿಗುತ್ತದೆ ಎಂದು ದಯವಿಟ್ಟು ತಿಳಿಸಿರಿ.