ಊಟ ಬಿಟ್ಟರೆ ಸಾಕೇ?



ಹಾಲಿನ ಲೆಕ್ಕ, ಬೋನಸ್ಸಿನ ಲೆಕ್ಕ ಕಾರ್ಯದರ್ಶಿಗಳು ಓದಿಯಾಯಿತು. ನಾನು ಮೈತೂಕದ ಲೆಕ್ಕ ಹೇಳುತ್ತೇನೆ, ನಗಬೇಡಿ.

ಎರಡು ವರ್ಷದ ಹಿಂದೆ ನನಗೆ ಸಕ್ಕರೆ ಕಾಯಿಲೆ ಬಂತು. ಡಾಕ್ಟರು ತೂಕ ಇಳಿಸಿ ಅಂದರು. ಎರಡು ಮುದ್ದೆ ಉಣ್ಣುತ್ತಿದ್ದವನು ಒಂದಕ್ಕೆ ಬಂದೆ, ರಾತ್ರಿ ಅನ್ನ ಬಿಟ್ಟೆ. ಆರು ತಿಂಗಳಲ್ಲಿ ಒಂಬತ್ತು ಕಿಲೋ ಇಳಿಯಿತು. ನಡೆದಿದ್ದು ಮಾತ್ರ ಇಲ್ಲ, ಡೈರಿಗೂ ಬೈಕೇ. ಒಂದು ದಿನ ಐವತ್ತು ಕಿಲೋ ಫೀಡಿನ ಮೂಟೆ ಎತ್ತಲು ಹೋದರೆ ಮೊಣಕಾಲು ನಡುಗಿತು. ನಮ್ಮ ಮನೆಯವರು ಬಂದು ಒಂದು ತುದಿ ಹಿಡಿಯಬೇಕಾಯಿತು.

ಡಾಕ್ಟರು ಬಿಡಿಸಿ ಹೇಳಿದರು. ತೂಕ ಇಳಿಯೋಕೆ ಊಟ ಕಡಿಮೆ ಮಾಡೋದೇ ಮುಖ್ಯ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ, ಒಂದು ಗಂಟೆ ನಡೆದರೆ ಇನ್ನೂರು ಮುನ್ನೂರು ಹೋದರೆ ಹೆಚ್ಚು. ಆದರೆ ಮೈಗೆ ಕೆಲಸ ಕೊಡದೆ ಬರೀ ಊಟ ಬಿಟ್ಟರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಉಂಡ ಮೇಲೆ ರಕ್ತದ ಸಕ್ಕರೆಯನ್ನು ಹೆಚ್ಚಾಗಿ ಎಳೆದುಕೊಳ್ಳೋದೇ ಆ ಮಾಂಸಖಂಡ. ಕರಗಿದರೆ ನಷ್ಟ ಯಾರಿಗೆ?

ರೈತರಿಗ್ಯಾಕೆ ವ್ಯಾಯಾಮ ಅಂತೀರಿ. ಉಳೋದು ಟ್ರ್ಯಾಕ್ಟರು, ಮೇವು ಕತ್ತರಿಸೋದು ಮಷೀನು. ಹೆಂಗಸರ ಮಾತು ಬೇರೆ, ಅವರಿಗೆ ಈಗಲೂ ಬಿಡುವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥ ಶ್ರಮ, ಜೊತೆಗೆ ಎರಡು ದಿನ ಮೈಗೆ ಬಲ ಕೊಡುವ ಕೆಲಸ. ನಾನೀಗ ಹಾಲಿನ ಕ್ಯಾನು ಹಿಡಿದು ನಡೆದೇ ಬರುತ್ತೇನೆ, ಬಸ್ಕಿ ಹೊಡೆಯುತ್ತೇನೆ. ಮೊನ್ನೆ ಮೂಟೆ ಸೊಂಟದವರೆಗೆ ಬಂತು. ಹೆಗಲಿಗೆ ಇನ್ನೂ ಏರಿಲ್ಲ.