ಮನದ ಗಾಯ ಮತ್ತು ಬೆಳ್ಳಿತೆರೆ



ಶತಮಾನೋತ್ಸವದ ಈ ಶುಭವೇಳೆಯಲ್ಲಿ ನಾವು ದೇವಾಲಯವನ್ನು ತಳಿರುತೋರಣಗಳಿಂದ ಸಿಂಗರಿಸಿದ್ದೇವೆ. ಆದರೆ ಹೊಲದ ಬದುವಿಗಾಗಿ, ಬಾವಿಯ ನೀರಿಗಾಗಿ, ಆಡಬಾರದಿದ್ದ ಒಂದು ಮಾತಿಗಾಗಿ ಮುನಿಸಿಕೊಂಡವರು ನಾವು ಅದೇ ಮುನಿಸನ್ನು ಎದೆಯಲ್ಲಿಟ್ಟುಕೊಂಡು ಒಂದೇ ಬಲಿಪೂಜೆಗೆ ಬರುತ್ತಿಲ್ಲವೇ? ಇಂಥ ಹಳೆಯ ಗಾಯಗಳು ಮಾಯುವುದಕ್ಕೆ ಒಳ್ಳೆಯ ಚಲನಚಿತ್ರಗಳು ನೆರವಾಗಬಲ್ಲವೇ ಎಂಬುದೇ ಇಂದಿನ ನಮ್ಮ ವಿಚಾರ.

ಸಿನೆಮಾ ಎಂದೊಡನೆ ಮೂಗು ಮುರಿಯಬೇಕಾಗಿಲ್ಲ. 1936ರಲ್ಲಿಯೇ ಜಗದ್ಗುರು ಹನ್ನೊಂದನೆಯ ಪಿಯುಸ್‌ರು ಚಲನಚಿತ್ರವನ್ನು ಕುರಿತು ಪರಿಪತ್ರವೊಂದನ್ನು ಬರೆದರು. ಈ ಕಲೆಗೆ ನೂರು ವರ್ಷ ತುಂಬಿದ 1995ರಲ್ಲಿ ವ್ಯಾಟಿಕನ್ 45 ಉತ್ತಮ ಚಿತ್ರಗಳ ಪಟ್ಟಿಯನ್ನೇ ಪ್ರಕಟಿಸಿತು.

ಆ ಪಟ್ಟಿಯಲ್ಲಿ ‘ಬಾಬೆಟ್ಟಳ ಔತಣ’ ಎಂಬ 1987ರ ಡ್ಯಾನಿಷ್ ಚಿತ್ರವಿದೆ. ಕಡಲ ತಡಿಯ ಹಳ್ಳಿಯ ವೃದ್ಧ ಭಕ್ತರು ಪ್ರಾರ್ಥನೆಗೆ ಕೂಡುತ್ತಾರೆ, ಹಳೆಯ ತಪ್ಪುಗಳನ್ನು ಕೆದಕಿ ಜಗಳವಾಡುತ್ತಾರೆ. ಪ್ಯಾರಿಸಿನ ದಂಗೆಯಲ್ಲಿ ಗಂಡನನ್ನೂ ಮಗನನ್ನೂ ಕಳೆದುಕೊಂಡು ಅಲ್ಲಿ ಆಶ್ರಯ ಪಡೆದ ಬಾಬೆಟ್, ಲಾಟರಿಯಲ್ಲಿ ಬಂದ 10,000 ಫ್ರಾಂಕುಗಳನ್ನೆಲ್ಲ ಅವರ ಒಂದೇ ಊಟಕ್ಕೆ ವ್ಯಯಿಸುತ್ತಾಳೆ. ಯಾರೂ ಉಪದೇಶ ಮಾಡುವುದಿಲ್ಲ. ಊಟ ಮುಗಿಯುವಷ್ಟರಲ್ಲಿ ಮುನಿಸು ಕರಗಿರುತ್ತದೆ. ಜಗದ್ಗುರು ಫ್ರಾನ್ಸಿಸ್‌ರು ಕುಟುಂಬಪ್ರೇಮವನ್ನು ಕುರಿತ ತಮ್ಮ 2016ರ ಬರಹದಲ್ಲಿ ಈ ಚಿತ್ರವನ್ನು ನೆನೆದಿದ್ದಾರೆ.

ನಮ್ಮ ಕನ್ನಡದಲ್ಲಿ, ತ್ರಿವೇಣಿಯವರ ಕಾದಂಬರಿಯನ್ನಾಧರಿಸಿ 1971ರಲ್ಲಿ ಪುಟ್ಟಣ್ಣ ಕಣಗಾಲರು ‘ಶರಪಂಜರ’ವನ್ನು ನಿರ್ದೇಶಿಸಿದರು. ಅದು ಮೃದುವಾದ ಚಿತ್ರವಲ್ಲ. ಮನೋರೋಗದಿಂದ ಗುಣಮುಖಳಾಗಿ ಮನೆಗೆ ಮರಳಿದ ಕಾವೇರಿಯನ್ನು ಗಂಡನೂ ನೆರೆಹೊರೆಯವರೂ ಮೊದಲಿನಂತೆ ಕಾಣಲೊಲ್ಲರು. ಆಕೆ ಮತ್ತೆ ಕುಸಿಯುತ್ತಾಳೆ. ಒಂದು ಚಿತ್ರದಲ್ಲಿ ಒಂದು ಪಂಕ್ತಿಯ ಊಟ ಗುಣಪಡಿಸಿತು. ಇನ್ನೊಂದರಲ್ಲಿ ಸುತ್ತಲಿನವರ ನೋಟವೇ ಇರಿಯಿತು. ಗಾಯ ಒಬ್ಬರದಾದರೂ ಮಾಯಿಸುವ ಹೊಣೆ ಎಲ್ಲರದೆಂದು ಎರಡೂ ಸಾರುತ್ತವೆ.

ನೇರವಾಗಿ ಬುದ್ಧಿ ಹೇಳಿದರೆ ಮನಸ್ಸು ಕದವಿಕ್ಕಿಕೊಳ್ಳುತ್ತದೆ. ಪರರ ಕಥೆಯಾದರೆ ನಿರಾತಂಕವಾಗಿ ಅಳುತ್ತೇವೆ. ಅಳುತ್ತಿರುವುದು ನಮಗಾಗಿಯೇ ಎಂದು ಆಮೇಲೆ ತಿಳಿಯುತ್ತದೆ. ಯೇಸುಸ್ವಾಮಿ ಸಾಮತಿಗಳಲ್ಲಿ ಮಾತನಾಡಿದ್ದು ಇದಕ್ಕಾಗಿಯೇ ಅಲ್ಲವೇ?

ಆದರೂ ಚಿತ್ರವೇ ಔಷಧವಲ್ಲ. ದೌರ್ಜನ್ಯಕ್ಕೆ ಗುರಿಯಾದವರಿಗೆ ನ್ಯಾಯ ಬೇಕು, ವೈದ್ಯರ ನೆರವು ಬೇಕು. ಕ್ಷಮಿಸಿಬಿಡು ಎಂದು ಅವರನ್ನು ಅವಸರಪಡಿಸುವುದು ಗಾಯದ ಮೇಲೆ ಬರೆ ಎಳೆದಂತೆ. ಬಿರಿದ ಎರೆಹೊಲ ಮೊದಲ ಮಳೆಗೆ ಮೆತ್ತಗಾಗುವುದನ್ನು ಕೊಕಟನೂರಿನ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಒಳ್ಳೆಯ ಚಿತ್ರ ಆ ಮೊದಲ ಮಳೆ. ಬಿತ್ತುವ ಕೆಲಸ ನಮ್ಮದೇ.

ಆದುದರಿಂದ ವರ್ಷದಲ್ಲಿ ನಾಲ್ಕಾರು ಸಂಜೆ ಇಂಥ ಚಿತ್ರಗಳನ್ನು ಕೂಡಿ ನೋಡೋಣ. ಬಳಿಕ ರೊಟ್ಟಿ ಪಲ್ಯವನ್ನು ಕೂಡಿ ಉಣ್ಣೋಣ. ಮಾತು ಬಿಟ್ಟವರ ಪಕ್ಕದಲ್ಲಿಯೇ ಎಲೆ ಹಾಕಿಸಿಕೊಳ್ಳೋಣ. ತಮ್ಮ ಮನೆಗೆ ಮರಳಿದ ದಿನ ಮುನಿದು ಹೊರಗೆ ನಿಂತ ಹಿರಿಯ ಮಗನನ್ನು ಕರೆಯಲು ತಂದೆಯೇ ಎದ್ದು ಹೊರಗೆ ಬಂದನು. ನಮ್ಮಲ್ಲಿ ಹೊರಗೆ ನಿಂತವರಾರೆಂದು ನಾವೆಲ್ಲ ಬಲ್ಲೆವು. ಈ ನೂರನೆಯ ವರ್ಷದಲ್ಲಿ ಅವರನ್ನು ಕರೆಯಲು ನಾವೇ ಹೊರಗೆ ಹೋಗೋಣ. ಅದಕ್ಕೆ ಬೇಕಾದ ಕೃಪೆಯನ್ನು ಪ್ರಭು ನಮಗೆ ದಯಪಾಲಿಸಲಿ.