ಇಳಿದ ಮೇಲಿನ ಮೊದಲ ಗಂಟೆ
(ಯುವಕರ ಸಭೆಯೊಂದರಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳು)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಪ್ರೆಸ್ಸು ಸೇರಿದವನು. ಲಗ್ನಪತ್ರಿಕೆ, ಕರಪತ್ರ ಅಚ್ಚು ಹಾಕಿ ಬದುಕುವವನು. ನಿಮ್ಮಲ್ಲಿ ಎಷ್ಟೋ ಜನ ನಾಳೆ ಓದಿಗೋ ಕೆಲಸಕ್ಕೋ ವಿಮಾನ ಹತ್ತುವವರು. ಹತ್ತಿಸಲು ಮನೆಮಂದಿಯೆಲ್ಲ ಬರುತ್ತಾರೆ. ಇಳಿದ ಮೇಲೆ? ಆ ಮೊದಲ ಗಂಟೆ ನೀವೊಬ್ಬರೇ! ಅದರ ಬಗ್ಗೆ ನಾಲ್ಕು ಮಾತು.

1455ರ ಸುಮಾರಿಗೆ ಅಚ್ಚುಮೊಳೆ ಜೋಡಿಸಿ ಬೈಬಲ್ ಮುದ್ರಿಸಿದ ಗುಟೆನ್‌ಬರ್ಗ್‌ನ ಊರು ಜರ್ಮನಿಯ ಮೈನ್ಜ್. ಆ ಊರು ನೋಡಬೇಕೆಂಬ ಆಸೆ ನನ್ನನ್ನು ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣಕ್ಕೆ ಕರೆದೊಯ್ದಿತು.

ಅಲ್ಲಿ ಇಳಿದವನಿಗೆ ಮೂರು ದಾರಿ. ಬಾಗಿಲಲ್ಲೇ ಕೆನೆಬಣ್ಣದ ಟ್ಯಾಕ್ಸಿಗಳು. ಮೀಟರು ಹಾಕುತ್ತಾರೆ, ಆದರೆ ನಮ್ಮ ಜೇಬಿಗೆ ಭಾರ. ಎರಡನೆಯದು, 1ನೇ ಟರ್ಮಿನಲ್ಲಿನ ಕೆಳಗೇ ಇರುವ ಲೋಕಲ್ ರೈಲು ನಿಲ್ದಾಣ. ಸುಮಾರು 12 ಕಿ.ಮೀ. ದೂರದ ನಗರಕ್ಕೆ ಕಾಲು ಗಂಟೆಯೊಳಗೆ ತಲುಪಿಸುತ್ತದೆ. ಮೂರನೆಯದು, 1999ರಲ್ಲಿ ತೆರೆದ ದೂರದ ರೈಲುಗಳ ನಿಲ್ದಾಣ. ಕೊಲೋನ್‌ನಂಥ ಊರಿಗೆ ವೇಗದ ರೈಲು ಅಲ್ಲಿಂದ. ನೆನಪಿರಲಿ, ಲೋಕಲ್ ಟಿಕೆಟ್ಟು ವೇಗದ ರೈಲಿಗೆ ನಡೆಯದು.

ಲೋಕಲ್ ನಿಲ್ದಾಣದಲ್ಲಿ ಗೇಟಿಲ್ಲ, ಟಿಕೆಟ್ ಕೇಳುವವರಿಲ್ಲ. ಪುಕ್ಕಟೆ ಎಂದು ಮೋಸ ಹೋಗಬೇಡಿ! ಯಂತ್ರದಲ್ಲಿ ಟಿಕೆಟ್ ಪಡೆದೇ ಹತ್ತಬೇಕು. ತಪಾಸಣೆಯವರು ಬಂದಾಗ ಇಲ್ಲದಿದ್ದರೆ ದಂಡ 60 ಯೂರೊ.

ನಾನು ಟಿಕೆಟ್ ಪಡೆದೆ. ಆದರೆ ಯಾವ ರೈಲೆಂದು ಯಾರನ್ನೂ ಕೇಳಲಿಲ್ಲ. ಏಕೆ? ನನ್ನ ಇಂಗ್ಲಿಷು ಕೇಳಿ ನಕ್ಕಾರೆಂಬ ನಾಚಿಕೆ. ಬಂದ ರೈಲು ಹತ್ತಿದೆ. ‘ಮೈನ್ಜ್’ ಎಂಬ ಬೋರ್ಡು ಕಂಡಿತು, ಪೆಟ್ಟಿಗೆ ಹಿಡಿದು ಇಳಿದೇಬಿಟ್ಟೆ. ಅದು ಮೈನ್ಜ್ ಅಲ್ಲ, ಮೈನ್ಜ್-ಕಾಸ್ಟೆಲ್! ರೈನ್ ನದಿಯ ಈಚೆ ದಡ. 1945ರಿಂದ ಪಕ್ಕದ ವೀಸ್‌ಬಾಡೆನ್‌ಗೆ ಸೇರಿದೆ, ಹೆಸರು ಮಾತ್ರ ಹಳೆಯದು. ಎಸ್8, ಎಸ್9 ಎರಡೂ ವೀಸ್‌ಬಾಡೆನ್‌ಗೇ ಹೋಗುತ್ತವೆ. ಮೈನ್ಜ್ ಮುಖ್ಯ ನಿಲ್ದಾಣದ ಮೇಲೆ ಹೋಗುವುದು ಎಸ್8. ನಾನು ಹತ್ತಿದ್ದು ಎಸ್9. ಕೊನೆಯ ಊರಿನ ಹೆಸರು ನೋಡಿದರೆ ಸಾಲದು, ನಡುವಿನ ದಾರಿಯನ್ನೂ ನೋಡಬೇಕು.

ಪೆಚ್ಚಾಗಿ ನಿಂತಿದ್ದಾಗ ಒಬ್ಬ ಅಜ್ಜಿ ಬಂದರು. ಅವರಿಗೆ ಇಂಗ್ಲಿಷೇ ಬಾರದು! ಜರ್ಮನ್‌ನಲ್ಲೇ, ನಿಧಾನವಾಗಿ, ಕೈಸನ್ನೆ ಮಾಡುತ್ತ ‘ಬ್ರ್ಯುಕೆ, ಬ್ರ್ಯುಕೆ’ ಎಂದರು. ಸೇತುವೆ. ಅದರ ತುದಿಯವರೆಗೂ ಜೊತೆಗೆ ಬಂದರು. ನಡೆದೇ ನದಿ ದಾಟಿ ಗುಟೆನ್‌ಬರ್ಗ್‌ನ ಊರು ಸೇರಿದೆ. ಆ ಪದವನ್ನು ಈ ಜನ್ಮದಲ್ಲಿ ಮರೆಯುವುದಿಲ್ಲ.

ಇಂಗ್ಲಿಷು ಬಾರದ ಆ ಅಜ್ಜಿಗೆ ನಾಚಿಕೆಯಾಗಲಿಲ್ಲ. ನನಗೇಕೆ ಆಗಬೇಕಿತ್ತು ಹೇಳಿ?

ಆದ್ದರಿಂದ ಗೆಳೆಯರೆ, ಹೊರಡುವ ಮೊದಲೇ ಇಳಿಯುವ ನಿಲ್ದಾಣದ ಪೂರ್ತಿ ಹೆಸರು, ರೈಲಿನ ಸಂಖ್ಯೆ, ವಿಳಾಸ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮೊಬೈಲಿನ ಬ್ಯಾಟರಿ ಸತ್ತರೂ ಚೀಟಿ ಸಾಯುವುದಿಲ್ಲ. ಆ ನೆಲದ ನಾಲ್ಕು ಪದ ಕಲಿಯಿರಿ. ‘ಗ್ಲೈಸ್’ ಎಂದರೆ ಪ್ಲಾಟ್‌ಫಾರ್ಮ್, ‘ಔಸ್‌ಗಾಂಗ್’ ಎಂದರೆ ಹೊರದಾರಿ. ಸಂಶಯ ಬಂದರೆ ಕೇಳಿ. ಕೇಳಿದವನು ದಡ್ಡನಲ್ಲ, ಕೇಳದೆ ಹತ್ತಿದ ನಾನು ದಡ್ಡ!

ಕೊನೆಯ ಮಾತು. ನಾಳೆ ಮೆಜೆಸ್ಟಿಕ್ಕಿನಲ್ಲಿ ಹೊರನಾಡಿನವರೊಬ್ಬರು ದಾರಿ ತಿಳಿಯದೆ ನಿಂತಿದ್ದರೆ ಗೇಲಿ ಮಾಡಬೇಡಿ, ಸುಲಿಯಲು ಬಿಡಬೇಡಿ. ನಿಧಾನವಾಗಿ ಕನ್ನಡದಲ್ಲೇ ಹೇಳಿ, ಬಸ್ಸಿನವರೆಗೆ ಜೊತೆಗೆ ನಡೆಯಿರಿ. ಅವರು ಒಂದು ಕನ್ನಡ ಪದ ಊರಿಗೆ ಒಯ್ಯಲಿ.